ಅಕ್ಕನಿಗೆ ಓದಿ ಹೇಳದೆ ಸಹಿ ಹಾಕಿಸಬೇಡ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನ ಮೇಲೆ ರೇಗಿಬಿಟ್ಟೆ. ಆಮೇಲೆ ಊಟ ಸೇರಲಿಲ್ಲ. ಪ್ರೈಮರಿ ಶಾಲೆಯಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ನೀನು ನಂಬಿ ಕೇಳಿದ ಪ್ರಶ್ನೆಗೆ ಹಾಗೆ ಉತ್ತರ ಕೊಡಬಾರದಿತ್ತು. ಅದಕ್ಕೇ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಹೆಸರು, ಊರು ಯಾವುದೂ ಹಾಕಿಲ್ಲ. ನೀನು ಓದಿ ಸರಿ ಅಂದ ಮೇಲೆ ಇದನ್ನು ನಾಲ್ಕು ಜನ ಓದುವ ಕಡೆ ಹಾಕುತ್ತೇನೆ. ಯಾಕಂದ್ರೆ ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಆಫೀಸಿನ ಮೆಟ್ಟಿಲು ಹತ್ತುವವರು ಬಹಳ ಜನ ಇದ್ದಾರೆ.

ಬೈಪಾಸ್ ಬಂದ ಮೇಲೆ ನಿಮ್ಮ ನಾಲ್ಕು ಎಕರೆಗೆ ಒಳ್ಳೆ ಬೆಲೆ ಬಂದಿದೆ. ಸಂತೋಷ. ಕೊಳ್ಳುವವರ ಕಡೆಯ ವಕೀಲರು ಅಕ್ಕನ ಸಹಿ ಕೇಳಿದ್ದಾರೆ. ಅದಕ್ಕೆ ನೀನು ಅಂದದ್ದು ಇಷ್ಟು. 'ಅಪ್ಪ ಹೋಗಿದ್ದು 1999ರಲ್ಲಿ. ಹೆಣ್ಣುಮಕ್ಕಳ ಕಾನೂನು ಬಂದದ್ದು 2005ರಲ್ಲಿ. ಅಕ್ಕನಿಗೆ ಹಕ್ಕೇ ಇಲ್ಲ ಅಲ್ವಾ? ಸುಮ್ನೆ ಒಂದು ರಿಲೀಸ್ ಡೀಡ್, ಅದೇ ಹಕ್ಕು ಬಿಟ್ಟ ಪತ್ರ, ಮಾಡಿಸಿ ಸಹಿ ಹಾಕಿಸಿಬಿಡೋಣ. ಅವಳ ಕನ್ನಡಕ ಬೇರೆ ಒಡೆದು ತಿಂಗಳಾಯ್ತು, ಓದೋಕೂ ಆಗಲ್ಲ. ಇಲ್ಲಿ ಹಾಕು ಅಂದ್ರೆ ಹಾಕ್ತಾಳೆ.'

ಆ ಕೊನೆಯ ಮಾತಿಗೇ ನನಗೆ ಸಿಟ್ಟು ಬಂದದ್ದು. ಯಾಕೆ ಅಂತ ಹೇಳಬೇಕಾದರೆ ಹೋದ ತಿಂಗಳ ಒಂದು ಭಾನುವಾರದ ಕತೆ ಹೇಳಬೇಕು.

ನಾನು ಕಾನೂನು ಸೇವಾ ಸಮಿತಿಯ ಪಟ್ಟಿಯಲ್ಲಿರುವ ವಕೀಲ, ನಿನಗೆ ಗೊತ್ತು. ರಜಾ ದಿನ ಯಾರನ್ನಾದರೂ ಹಿಡಿದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಬಂದು ಹಾಜರು ಮಾಡುತ್ತಾರೆ. ಆ ಸಂಜೆ ನನಗೆ ಕರೆ ಬಂತು. ಹೋದೆ. ಗೇಟಿನ ಒಳಗೆ ನಲ್ಲಿಯ ಪಕ್ಕ ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತಿದ್ದ. ಇಪ್ಪತ್ತು, ಇಪ್ಪತ್ತೊಂದು ಇರಬಹುದು. ಬಿಹಾರದಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವನು. ಬೈಕ್ ಕಳವಿನ ಆರೋಪ. ಕಾಲ್ಬೆರಳ ಸಂದಿಯಲ್ಲಿ ಸಿಮೆಂಟು ಒಣಗಿ ಹಾಗೇ ಅಂಟಿಕೊಂಡಿತ್ತು. ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಬಿಡಿಸಿ ನೋಡಿದೆ. ಯಾವ ಕಾರಣಕ್ಕೆ ಬಂಧಿಸಿದ್ದೇವೆ ಅಂತ ಕನ್ನಡದಲ್ಲಿ ಟೈಪ್ ಮಾಡಿದ್ದರು. ಕೆಳಗೆ ಹಿಂದಿಯಲ್ಲಿ ಅವನ ಸಹಿ.

'ಇದರಲ್ಲಿ ಏನು ಬರೆದಿದೆ?' ಅಂತ ಹಿಂದಿಯಲ್ಲಿ ಕೇಳಿದೆ. 'ಪತಾ ನಹೀಂ ಸಾಬ್' ಅಂದ.

ಜೊತೆಗಿದ್ದ ಪೇದೆ, 'ಬರೆದೇ ಕೊಟ್ಟಿದ್ದೀವಲ್ಲ ಸಾರ್' ಅಂದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಕಾಗದ ಕೊಟ್ಟಾಯ್ತು, ಸಹಿ ಬಂತು, ಕೆಲಸ ಮುಗಿಯಿತು ಅಂತ ನಿಜವಾಗಿಯೂ ಅಂದುಕೊಂಡಿದ್ದರು.

ಆದರೆ ಕೆಲಸ ಮುಗಿದಿರಲಿಲ್ಲ. 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಅಗಸ್ಟೀನ್ ಜಾರ್ಜ್ ಮಸೀಹ್ ಒಂದು ತೀರ್ಪು ಕೊಟ್ಟರು. ಅಪರಾಧ ಯಾವುದೇ ಇರಲಿ, ಬಂಧನದ ಕಾರಣವನ್ನು ಬರೆದು ಕೊಡಬೇಕು. ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಹಿಡಿದ ಕೂಡಲೇ ಬರೆದು ಕೊಡಲು ಆಗದಿದ್ದರೆ ಬಾಯಲ್ಲಾದರೂ ಹೇಳಬೇಕು. ಆದರೆ ರಿಮಾಂಡಿಗೆ, ಅಂದರೆ ಕಸ್ಟಡಿಯಲ್ಲಿ ಇಡಲು ಅನುಮತಿ ಕೇಳಿ ಮ್ಯಾಜಿಸ್ಟ್ರೇಟರ ಮುಂದೆ, ಹಾಜರು ಮಾಡುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಬರಹ ಅವನ ಕೈಗೆ ಸಿಗಬೇಕು. ಇಲ್ಲದಿದ್ದರೆ ಬಂಧನವೂ ರಿಮಾಂಡೂ ಕಾನೂನುಬಾಹಿರ.

ಈ ತೀರ್ಪು ಒಂದೇ ದಿನದಲ್ಲಿ ಬಂದದ್ದಲ್ಲ. ಕಾರಣ ತಿಳಿಸಬೇಕು ಅಂತ ಸಂವಿಧಾನದ 22ನೇ ವಿಧಿ ಮೊದಲಿಂದಲೂ ಹೇಳುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಅಕ್ರಮ ಹಣದ ತನಿಖೆ ಮಾಡುವ ಇ.ಡಿ.ಯ ಬಂಧನಗಳಿಗೆ ಬರಹ ಕಡ್ಡಾಯ ಅಂದರು. 2024ರ ಮೇ ತಿಂಗಳಲ್ಲಿ ಭಯೋತ್ಪಾದನೆ ತಡೆಯ ಯುಎಪಿಎ ಕಾನೂನಿನ ಪ್ರಕರಣಗಳಿಗೂ ಅದೇ ಅಂದರು. 2025ರ ಫೆಬ್ರವರಿಯಲ್ಲಿ ಹರಿಯಾಣದ ಒಂದು ಪ್ರಕರಣ ಬಂತು. ಅಲ್ಲಿ ಬಂಧಿತನನ್ನು ಆಸ್ಪತ್ರೆಯ ಮಂಚಕ್ಕೆ ಸರಪಳಿಯಲ್ಲಿ ಕಟ್ಟಿ ಹಾಕಿದ್ದರು. ಕಾರಣವನ್ನೂ ಹೇಳಿರಲಿಲ್ಲ. ಕೋರ್ಟು ಅವನನ್ನು ಬಿಡಿಸಿತು. ದೊಡ್ಡವರ ದೊಡ್ಡ ಪ್ರಕರಣಗಳಲ್ಲಿ ಶುರುವಾದ ಮಾತು ಕೊನೆಗೆ ಬೈಕ್ ಕಳವಿನ ಹುಡುಗನ ತನಕ ಬಂತು.

ನವೆಂಬರಿನ ತೀರ್ಪು ಬಂದದ್ದು ಮುಂಬೈನ ವರ್ಲಿಯ ಪ್ರಕರಣದಲ್ಲಿ. 2024ರ ಜುಲೈನಲ್ಲಿ ದುಬಾರಿ ಕಾರೊಂದು ಸ್ಕೂಟರಿಗೆ ಗುದ್ದಿ ಒಬ್ಬ ಮಹಿಳೆ ಸತ್ತರಲ್ಲ, ಅದು. ಆ ಘಟನೆ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ಅಂಥ ಪ್ರಕರಣದ ಆರೋಪಿ ಹಾಕಿದ ಅರ್ಜಿಯಿಂದ ಈ ಹಕ್ಕು ಗಟ್ಟಿಯಾಯ್ತು ಅನ್ನುವುದು ನುಂಗಲು ಕಷ್ಟ. ಆದರೆ ನಿಯಮ ಎಲ್ಲರಿಗೂ ಒಂದೇ ಆಗಿದ್ದರಿಂದಲೇ ನಲ್ಲಿಯ ಪಕ್ಕ ಕೂತಿದ್ದ ಆ ಹುಡುಗನ ಪರವಾಗಿ ನಾನು ಬಾಯಿ ತೆರೆಯಲು ಆಯಿತು.

ನಮಗೆ ಬ್ಯಾಂಕಿನಲ್ಲಿ ಅರ್ಥವಾಗದ ಭಾಷೆಯ ಫಾರಂ ಕೊಟ್ಟರೆ ಎಷ್ಟು ಸಿಟ್ಟು ಬರುತ್ತೆ? ಕನ್ನಡದಲ್ಲಿ ಕೊಡಿ ಅಂತ ಜಗಳ ಮಾಡುತ್ತೇವೆ, ಮಾಡಲೇಬೇಕು. ಆ ಹುಡುಗನಿಗೆ ನಮ್ಮ ಕನ್ನಡದ ಹಾಳೆಯೇ ಹಾಗಾಗಿತ್ತು. ಮ್ಯಾಜಿಸ್ಟ್ರೇಟರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವನನ್ನೇ ಎರಡು ಪ್ರಶ್ನೆ ಕೇಳಿದರು. ನನ್ನ ಆಕ್ಷೇಪ ಬರೆದುಕೊಂಡು ರಿಮಾಂಡ್ ಕೊಡಲಿಲ್ಲ. ಇದರಿಂದ ಕೇಸೇನೂ ಬಿದ್ದುಹೋಗಲಿಲ್ಲ. ತನಿಖೆ ನಡೆಯುತ್ತಿದೆ. ಅವನಿಗೆ ತಿಳಿಯುವ ಹಾಗೆ ಕಾರಣ ಬರೆದು ಕೊಟ್ಟು ಪೊಲೀಸರು ಮತ್ತೆ ಅರ್ಜಿ ಹಾಕಬಹುದು. ಕದ್ದಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಸಹಿ ಹಾಕಿದ್ದು ಏನೆಂದು ತಿಳಿಯದ ಕಾಗದಕ್ಕೆ ಅನ್ನುವುದು ಮಾತ್ರ ಗೊತ್ತು.

ಈ ಘಟನೆ ತಲೆಯಲ್ಲಿ ಇರುವಾಗಲೇ ನೀನು 'ಹಾಕು ಅಂದ್ರೆ ಹಾಕ್ತಾಳೆ' ಅಂದೆ.

ಈಗ ಅಕ್ಕನ ವಿಷಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅನ್ನುವ ಹಿಂದೂ ಉತ್ತರಾಧಿಕಾರ ಕಾನೂನಿನ ತಿದ್ದುಪಡಿ ಬಂದದ್ದು 2005ರಲ್ಲಿ, ಸರಿ. ಅಪ್ಪ 2005ಕ್ಕೆ ಮೊದಲೇ ಹೋದರು ಅನ್ನುವ ಲೆಕ್ಕ ನೀನೊಬ್ಬನೇ ಹಾಕಿದ್ದಲ್ಲ. ಒಂದು ಕಾಲದಲ್ಲಿ ಸುಪ್ರೀಂ ಕೋರ್ಟೇ ಹಾಕಿತ್ತು. ಬೆಳಗಾವಿಯಿಂದ ಹೋದ ಒಂದು ಪಾಲಿನ ದಾವೆಯಲ್ಲಿ 2015ರಲ್ಲಿ ತೀರ್ಪು ಬಂತು. ಆ ಕಾನೂನು ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ, ಮಗಳು ಇಬ್ಬರೂ ಬದುಕಿರಬೇಕು ಅಂದರು. 2018ರಲ್ಲಿ ಇನ್ನೊಂದು ತೀರ್ಪು ಬಂತು. ಅದೂ ನಮ್ಮ ರಾಜ್ಯದಿಂದ ಹೋದದ್ದೇ. ಅಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ಆಗ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಆದ ಗೊಂದಲ ಹೇಳತೀರದು. ಅಣ್ಣನ ವಕೀಲರು 2015ರದ್ದನ್ನು ಓದುತ್ತಿದ್ದರು, ತಂಗಿಯ ವಕೀಲರು 2018ರದ್ದನ್ನು. ನಾನೇ ಎರಡೂ ಕಡೆ ವಾದ ಮಾಡಿದ್ದೇನೆ.

ಆ ಗೊಂದಲ ಮುಗಿದದ್ದು 2020ರ ಆಗಸ್ಟ್ 11ರಂದು. ವಿನೀತಾ ಶರ್ಮಾ ತೀರ್ಪು ಅಂತಲೇ ಅದಕ್ಕೆ ಹೆಸರು. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ, ನಮ್ಮ ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಜೀರ್, ಎಂ.ಆರ್. ಷಾ ಮೂವರೂ ಸೇರಿ ಕೊಟ್ಟದ್ದು. ಹಕ್ಕು ಬರುವುದು ಹುಟ್ಟಿನಿಂದ. ಆದ್ದರಿಂದ 2005ರಲ್ಲಿ ತಂದೆ ಬದುಕಿದ್ದರೇ ಇಲ್ಲವೇ ಅನ್ನುವ ಪ್ರಶ್ನೆಯೇ ಬರುವುದಿಲ್ಲ ಅಂದರು. ಮದುವೆಯಾದವಳು, ಆಗದವಳು ಅನ್ನುವ ಭೇದವೂ ಇಲ್ಲ. 1994ರ ಜುಲೈನಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಕಾನೂನು ಮಗಳಿಗೂ ಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಅಕ್ಕನ ಮದುವೆ ಆದದ್ದು 1992ರಲ್ಲಿ. ನಾವಿಬ್ಬರೂ ಚಪ್ಪರಕ್ಕೆ ತೆಂಗಿನ ಗರಿ ಹೊತ್ತದ್ದು ನೆನಪಿದೆ ಅಲ್ವಾ? ಎರಡು ವರ್ಷದಲ್ಲಿ ಅವಳ ಕೈತಪ್ಪಿತ್ತು. 2005ರ ಕಾನೂನಿನಲ್ಲಿ ಆ ಅಡ್ಡಗೋಡೆ ಇಲ್ಲ.

ಲೆಕ್ಕ ಬಿಡಿಸಿ ಹೇಳುತ್ತೇನೆ. ಜಮೀನು ನಿಮ್ಮ ತಾತನಿಂದ ಬಂದದ್ದು. ಅಮ್ಮ ಅಪ್ಪನಿಗಿಂತ ಮೊದಲೇ ಹೋದರು. ಉಳಿದವರು ನೀನು, ಅಕ್ಕ ಇಬ್ಬರೇ. ಹಳೇ ಕಾನೂನಿನಲ್ಲಿ ಅರ್ಧ ನಿನ್ನದು, ಅರ್ಧ ಅಪ್ಪನದು. ಅಪ್ಪನ ಅರ್ಧದಲ್ಲಿ ನಿಮ್ಮಿಬ್ಬರಿಗೂ ಸಮ. ಅಂದರೆ ಆಗಲೂ ಅಕ್ಕನಿಗೆ ಒಂದು ಎಕರೆ ಬರಬೇಕಿತ್ತು. ಹಕ್ಕೇ ಇಲ್ಲ ಅನ್ನುವ ಮಾತು ಯಾವತ್ತೂ ನಿಜ ಆಗಿರಲಿಲ್ಲ ನೋಡು. ಈಗ ಅವಳೂ ನಿನ್ನ ಹಾಗೇ ಹುಟ್ಟಿನಿಂದ ಪಾಲುದಾರಳು. ನಾಲ್ಕರಲ್ಲಿ ಎರಡು ಎಕರೆ ಅವಳದು.

ಆ ತೀರ್ಪಿನಲ್ಲಿ ಮಗಳು ಬದುಕಿರುವ ತನಕ ಮಗಳೇ, ಅವಳ ಪ್ರೀತಿ ಬದಲಾಗುವುದಿಲ್ಲ ಅನ್ನುವ ಅರ್ಥದ ಮಾತೂ ಇದೆ. ಪತ್ರಿಕೆಗಳು ಅದನ್ನೇ ದೊಡ್ಡದಾಗಿ ಹಾಕಿದವು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಅಮ್ಮ ಹೋದ ಮೇಲೆ ಅಕ್ಕ ಸ್ಕೂಲು ಬಿಟ್ಟಳು. ಬೆಳಗಾದರೆ ಡೈರಿಗೆ ಹಾಲು ಹಾಕಿ ಬರುತ್ತಿದ್ದಳು. ಆ ದುಡ್ಡಿನಲ್ಲಿ ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸ್ ಕಟ್ಟಿದಳು. ನನಗೂ ಎಷ್ಟೋ ಸಲ ತಟ್ಟೆ ಹಾಕಿದ್ದಾಳೆ. ಆದರೆ ಅದಕ್ಕಾಗಿ ಅವಳಿಗೆ ಪಾಲು ಕೊಡು ಅಂತ ನಾನು ಹೇಳುತ್ತಿಲ್ಲ. ಅವಳು ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಮಾತು ಬಿಟ್ಟಿದ್ದರೂ ಆ ಎರಡು ಎಕರೆ ಅವಳದೇ. ಗೌರಿ ಹಬ್ಬಕ್ಕೆ ಬಾಗಿನ ಕೊಡುತ್ತೀಯ, ಅದು ನಿನ್ನ ಪ್ರೀತಿ. ಪಾಲು ಅವಳ ಹಕ್ಕು. ಒಂದನ್ನು ಕೊಟ್ಟು ಇನ್ನೊಂದು ತೀರಿತು ಅನ್ನೋಕಾಗಲ್ಲ.

ಯಾರೋ ನೆಂಟರು ಒಂದು ದಾರಿ ತೋರಿಸಿದರು ಅಂದೆಯಲ್ಲ, ಹಳೇ ಸ್ಟಾಂಪ್ ಪೇಪರ್ ತಂದು, ಅಪ್ಪ ಇದ್ದಾಗಲೇ ಊರ ಹಿರಿಯರ ಮುಂದೆ ಪಾಲು ಆಗಿತ್ತು ಅಂತ ಬರೆದುಬಿಡೋಣ ಅಂತ. ಅವರ ಹತ್ತಿರ ಇನ್ನು ಈ ಮಾತೇ ಎತ್ತಬೇಡ. ಸುಳ್ಳು ದಾಖಲೆ ಹುಟ್ಟಿಸುವುದು ಅಪರಾಧ, ಮೊದಲು ಅದು ತಲೆಯಲ್ಲಿರಲಿ. ಅದರಿಂದ ಪ್ರಯೋಜನವೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲನ್ನು ಕಾನೂನು ಉಳಿಸಿದೆ, ನಿಜ. ಆದರೆ ಅದು ರಿಜಿಸ್ಟರ್ ಆಗಿರಬೇಕು, ಇಲ್ಲವೇ ಕೋರ್ಟಿನ ಡಿಕ್ರಿ ಇರಬೇಕು. ಬಾಯಿಮಾತಿನ ಪಾಲಿನ ಕತೆ ಹೇಳಿ ಹೆಣ್ಣುಮಕ್ಕಳನ್ನು ತಪ್ಪಿಸುತ್ತಾರೆ ಅನ್ನುವುದು ಆ ನ್ಯಾಯಮೂರ್ತಿಗಳಿಗೆ ಚೆನ್ನಾಗಿ ಗೊತ್ತಿತ್ತು. ಸರ್ಕಾರಿ ದಾಖಲೆಗಳ ಬೆಂಬಲ ಇರುವ ತೀರಾ ಅಪರೂಪದ ಸಂದರ್ಭ ಬಿಟ್ಟರೆ ಅದನ್ನು ನಂಬಬಾರದು ಅಂತ ಬರೆದಿದ್ದಾರೆ. ನಿಮ್ಮ ಪಹಣಿ ಇವತ್ತಿಗೂ ಅಪ್ಪನ ಹೆಸರಲ್ಲೇ ಇದೆ. ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯೂ ಆಗಿಲ್ಲ. ಇನ್ನೆಲ್ಲಿಯ ಪಾಲು?

'ಅಕ್ಕ ಕೋರ್ಟಿಗೆ ಹೋದರೂ ಇಪ್ಪತ್ತು ವರ್ಷ ಆಗುತ್ತೆ ಬಿಡು' ಅಂತಲೂ ಅಂದೆ. ಇದಕ್ಕೆ ಮಾತ್ರ ನಾನು ತಲೆ ತಗ್ಗಿಸಬೇಕು. ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಜನ ಕೋರ್ಟಿನ ಬಗ್ಗೆ ಸುಮ್ನೆ ಹೇಳಿಲ್ಲ. ನನ್ನ ಕಕ್ಷಿದಾರರಾದ ಒಬ್ಬ ಅಜ್ಜಿ ಇದ್ದಾರೆ. ಪಾಲಿನ ದಾವೆಯಲ್ಲಿ ಗೆದ್ದು ಎಷ್ಟೋ ವರ್ಷ ಆಯಿತು. ಡಿಕ್ರಿಯ ನಕಲನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಮಡಿಕೆ ಮಡಿಕೆಯಲ್ಲೂ ಹರಿದು, ಟೇಪ್ ಅಂಟಿಸಿದ್ದಾರೆ. ಭೂಮಿ ಮಾತ್ರ ಇನ್ನೂ ಎದುರು ಪಾರ್ಟಿಯ ಉಳುಮೆಯಲ್ಲೇ ಇದೆ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲ ಅಂತಲ್ಲ. ಪಾಲಿನ ದಾವೆಯಲ್ಲಿ ಮೊದಲ ಡಿಕ್ರಿ ಆದ ಮೇಲೆ ಕಕ್ಷಿದಾರ ಅಂತಿಮ ಡಿಕ್ರಿಗೆ ಮತ್ತೆ ಅರ್ಜಿ (ಎಫ್‌ಡಿಪಿ) ಹಾಕಲಿ ಅಂತ ಕಾಯಬೇಡಿ, ಕೋರ್ಟೇ ಮುಂದುವರಿದು ಹದ್ದು ಅಳೆಸಿ ಮುಗಿಸಲಿ ಅಂತ 2022ರ ಜೂನ್‌ನಲ್ಲಿ ಹೇಳಿದರು. 2025ರ ಮಾರ್ಚ್ 6ರಂದು ನ್ಯಾಯಮೂರ್ತಿ ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಪಂಕಜ್ ಮಿಥಲ್ ಎಲ್ಲ ಹೈಕೋರ್ಟುಗಳಿಂದ ಬಾಕಿ ಅಮಲ್ಜಾರಿ ಅರ್ಜಿಗಳ, ಅಂದರೆ ಡಿಕ್ರಿ ಜಾರಿ ಮಾಡಿಸಿ ಅಂತ ಗೆದ್ದವರು ಹಾಕಿದ ಅರ್ಜಿಗಳ, ಲೆಕ್ಕ ಕೇಳಿದರು. ಆರು ತಿಂಗಳಲ್ಲಿ ಮುಗಿಸಿ ಅಂದರು. ಅಕ್ಟೋಬರಿನಲ್ಲಿ ಲೆಕ್ಕ ಬಂತು. ಆಗ ದೇಶದಲ್ಲಿ 8.82 ಲಕ್ಷ ಅರ್ಜಿ ಬಾಕಿ ಇದ್ದವು. ಅಷ್ಟು ಜನ ಗೆದ್ದೂ ಕಾಯುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮ ಕರ್ನಾಟಕದ ಅಂಕಿ ಬಂದೇ ಇರಲಿಲ್ಲ. ಓದಿದಾಗ ನನಗೆ ನಾಚಿಕೆ ಆಯಿತು. ನನ್ನ ಅಜ್ಜಿ ಲೆಕ್ಕಕ್ಕೂ ಸಿಕ್ಕಿರಲಿಲ್ಲ ನೋಡು.

ಆದರೆ ಕೋರ್ಟು ನಿಧಾನ ಅನ್ನುವುದು ನಿನಗೆ ಅನುಕೂಲದ ಮಾತು ಆಗಬಾರದು ಕಣೋ. ಅಕ್ಕ ಆ ಅಜ್ಜಿಯ ಹಾಗೆ ಕವರ್ ಹಿಡಿದು ನನ್ನ ಆಫೀಸಿನ ಬೆಂಚಿನ ಮೇಲೆ ಕೂತಿರುವುದನ್ನು ನೀನು ನೋಡಬಲ್ಲೆಯಾ? ನನ್ನಿಂದ ಆಗಲ್ಲ.

ಅಕ್ಕನ ಮನೆಗೆ ನೀನೇ ಹೋಗು. ಬರುವ ಬೆಲೆ ಎಷ್ಟು ಅಂತ ಸರಿಯಾಗಿ ಹೇಳು. ಎರಡು ಎಕರೆ ನಿನ್ನದು ಅಕ್ಕ ಅಂತ ನಿನ್ನ ಬಾಯಿಂದಲೇ ಹೇಳು. ಎಲ್ಲ ತಿಳಿದ ಮೇಲೂ ಅವಳು ನನಗೆ ಬೇಡ, ತಮ್ಮನಿಗೇ ಇರಲಿ ಅನ್ನಬಹುದು. ಸ್ವಲ್ಪ ಇಟ್ಟುಕೊಂಡು ಸ್ವಲ್ಪ ಬಿಡಬಹುದು. ಪೂರ್ತಿ ಕೇಳಬಹುದು. ಅವಳು ಏನೇ ಹೇಳಿದರೂ ಅದರಂತೆ ಪತ್ರ ನಾನೇ ಬರೆದು ಕೊಡುತ್ತೇನೆ, ನನಗೆ ಫೀಸ್ ಬೇಡ. ಆ ಪತ್ರಗಳ ಕೊನೆಯಲ್ಲಿ ಒಂದು ಸಾಲು ಬರುತ್ತದೆ, ನೀನೂ ನೋಡಿರುತ್ತೀಯ. ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ, ಓದಿಸಿ ಕೇಳಿ ರುಜು ಮಾಡಿರುತ್ತೇನೆ ಅಂತ. ನಮ್ಮ ಕಡೆ ಎಲ್ಲರೂ ಅದನ್ನು ಅಭ್ಯಾಸಬಲದಿಂದ ಟೈಪ್ ಮಾಡುತ್ತಾರೆ. ಅಕ್ಕನ ಪತ್ರದಲ್ಲಿ ಅದು ನಿಜ ಆಗಿರಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ತೀರ್ಪಿನಲ್ಲಿ ಅವಳಿಗೆ ಬೇಕಾದಷ್ಟನ್ನು ಕನ್ನಡದಲ್ಲಿ ನಾಲ್ಕು ಹಾಳೆ ಬರೆದಿಟ್ಟಿದ್ದೇನೆ. ನಾನು ಓದಿ ಹೇಳಬಲ್ಲೆ. ಆದರೆ ಅವಳೇ ಓದಿಕೊಂಡರೆ ಚೆಂದ. ಅಷ್ಟರೊಳಗೆ ಅವಳ ಕನ್ನಡಕ ಮಾಡಿಸಿಕೊಟ್ಟಿರು.

ನಿನ್ನ ಗೆಳೆಯ