ಹಂಚುವ ಮುನ್ನ ಮ.ಸಾ.ಅ. ನೋಡಿ

ಮಾನ್ಯ ಸಂಪಾದಕರೇ,

ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.), ಅಂದರೆ ಕೊಟ್ಟ ಸಂಖ್ಯೆಗಳೆಲ್ಲವನ್ನೂ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಪರೀಕ್ಷೆಗಷ್ಟೇ ಎಂಬ ಭಾವನೆ ಹಲವರಲ್ಲಿದೆ. ಆದರೆ ಸಮನಾಗಿ ಹಂಚುವ, ಚೂರು ಉಳಿಯದಂತೆ ಅಳೆಯುವ ಕೆಲಸಕ್ಕೆಲ್ಲ ಬೇಕಾಗುವುದು ಅದೇ.

4.20 ಮೀಟರ್ ಉದ್ದ, 3.15 ಮೀಟರ್ ಅಗಲದ ಕೋಣೆಗೆ ಕತ್ತರಿಸದೆ ಚೌಕ ಟೈಲ್ಸ್ ಹಾಕಬೇಕು ಎನ್ನಿ. ಮೊದಲು ದಶಾಂಶ ತೆಗೆದು ಸೆಂಟಿಮೀಟರಿಗೆ ತನ್ನಿ: 420, 315. ಕಳೆದರೆ 105, ಅದು 315ನ್ನು ನಿಶ್ಶೇಷವಾಗಿ ಭಾಗಿಸುವುದರಿಂದ ಮ.ಸಾ.ಅ. 105. ಅಷ್ಟು ದೊಡ್ಡ ಟೈಲ್ ಬೇಡವೇ? 105ರ ಅಪವರ್ತನಗಳಾದ 35, 21, 15 ಯಾವುದೂ ಆದೀತು. 35 ಆದರೆ 12 ಸಾಲು, ಸಾಲಿಗೆ 9, ಒಟ್ಟು 108. (ನಡುವೆ ಬಿಡುವ ಸಂದಿಯೂ ಆ 35ರೊಳಗೇ ಸೇರಬೇಕು. ಮರೆತರೆ ಕೊನೆಯ ಸಾಲು ಕತ್ತರಿಸುವುದು ತಪ್ಪದು.)

408 ಮತ್ತು 289ರಂಥ ಸಂಖ್ಯೆ ಬಂದಾಗ 2, 3, 5, 7ರಿಂದ ಭಾಗಿಸಿ ನೋಡಿ, ಸಾಮಾನ್ಯ ಅಪವರ್ತನವೇ ಇಲ್ಲವೆಂದು ಕೈಬಿಡುವುದುಂಟು. ಶೇಷ ಸೊನ್ನೆಯಾಗುವವರೆಗೆ ಭಾಜಕವನ್ನು ಶೇಷದಿಂದ ಭಾಗಿಸುತ್ತ ಹೋಗುವ ಯೂಕ್ಲಿಡ್ ಕ್ರಮ ಇಲ್ಲಿ ಮೋಸ ಮಾಡುವುದಿಲ್ಲ, ಕೊನೆಯ ಭಾಜಕವೇ ಮ.ಸಾ.ಅ.: 408ನ್ನು 289ರಿಂದ ಭಾಗಿಸಿದರೆ ಶೇಷ 119, 289ನ್ನು 119ರಿಂದ, ಶೇಷ 51, 119ನ್ನು 51ರಿಂದ, ಶೇಷ 17, 51ನ್ನು 17ರಿಂದ, ಶೇಷ ಸೊನ್ನೆ. ಉತ್ತರ 17.

ಹಂಚಿದ ಮೇಲೆ ಉಳಿಕೆ ಇದ್ದರೆ ಅದನ್ನು ಮೊದಲೇ ಕಳೆಯಿರಿ. 127 ಪುಸ್ತಕ, 93 ಪೆನ್ನು ಹಂಚಿ 7 ಮತ್ತು 3 ಉಳಿದಿದ್ದರೆ, 120 ಮತ್ತು 90ರ ಮ.ಸಾ.ಅ. 30. ಗುಂಪುಗಳು 30, 15 ಅಥವಾ 10 ಇರಬಹುದು. 6 ಆಗದು, ಏಕೆಂದರೆ ಉಳಿಕೆ 7 ಅದಕ್ಕಿಂತ ದೊಡ್ಡದು. ಬಹುತೇಕರು ಎಡವುವುದು ಇಲ್ಲೇ.

– ಒಬ್ಬ ಗಣಿತ ಶಿಕ್ಷಕ