ಪುಣೆಯಲ್ಲಿ ಪೊಲೀಸ್ ದೂರು: ಎಲ್ಲಿ, ಯಾರಿಗೆ

ಎಲ್ಲರಿಗೂ ನಮಸ್ಕಾರ. ಪುಣೆಯ ಸುತ್ತ ಪೊಲೀಸ್ ವ್ಯವಸ್ಥೆ ಮೂರು. ಕೋಥ್ರೂಡ್, ಹಡಪ್ಸರ್ ಪುಣೆ ನಗರ ಕಮಿಷನರ್ ಕೈಕೆಳಗೆ. ಹಿಂಜವಡಿ 2018ರಲ್ಲಿ ಶುರುವಾದ ಪಿಂಪ್ರಿ-ಚಿಂಚವಾಡ ಕಮಿಷನರ್ ಕೆಳಗೆ. ಲೋಣಾವಳ ಗ್ರಾಮಾಂತರ ಎಸ್‌ಪಿ ಕೆಳಗೆ.

ಕಮಿಷನರ್ ವ್ಯಾಪ್ತಿಯ ಠಾಣೆಯ ಮುಖ್ಯಸ್ಥರು ಸೀನಿಯರ್ ಪಿಐ (ಹಿರಿಯ ಪೊಲೀಸ್ ಇನ್‌ಸ್ಪೆಕ್ಟರ್). ಅವರ ಕೆಳಗೆ ಪಿಎಸ್‌ಐ ಮಾತ್ರವಲ್ಲ, ನಮ್ಮ ಕರ್ನಾಟಕದಲ್ಲಿಲ್ಲದ ಎಪಿಐ (ಸಹಾಯಕ ಪೊಲೀಸ್ ಇನ್‌ಸ್ಪೆಕ್ಟರ್) ಹುದ್ದೆಯೂ ಇದೆ. ಮೇಲೆ ಎಸಿಪಿ (ಸಹಾಯಕ ಕಮಿಷನರ್), ಆಮೇಲೆ ಡಿಸಿಪಿ (ಉಪ ಕಮಿಷನರ್).

ಠಾಣೆಯಲ್ಲಿ 'ನಮ್ಮ ವ್ಯಾಪ್ತಿಯಲ್ಲ' ಅಂದರೆ ವಾಪಸ್ ಬರಬೇಡಿ. ಸಂಜ್ಞೇಯ ಅಪರಾಧವಾದರೆ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಯಾವ ಠಾಣೆಯಾದರೂ ಝೀರೋ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಆನ್‌ಲೈನಿನಲ್ಲಿ ಕೊಟ್ಟ ಮಾಹಿತಿಗೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಬಹಳ ಜನ ಎಡವುವುದು ಇಲ್ಲೇ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಮರಾಠಿಯಲ್ಲಿ ಬರೆದಿದ್ದರೆ ಓದಿಸಿ, ಅರ್ಥವಾದ ಮೇಲೆಯೇ ಸಹಿ ಮಾಡಿ.

ದಾಖಲಿಸಲು ಒಪ್ಪದಿದ್ದರೆ ವಿಷಯ ಬರೆದು ನಗರದಲ್ಲಿ ಡಿಸಿಪಿಗೆ, ಗ್ರಾಮಾಂತರದಲ್ಲಿ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿ ಜೋಪಾನ: ಆಗಲೂ ಕ್ರಮವಾಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರ ಬಳಿ ಹೋಗುವಾಗ ಅದೇ ಪುರಾವೆ. ನೇರವಾಗಿ ಕಮಿಷನರ್ ಕಚೇರಿಗೆ ಓಡಿದರೆ ಅರ್ಜಿ ಬಹುತೇಕ ಅದೇ ಠಾಣೆಗೆ ಮರಳುತ್ತದೆ.

ತುರ್ತಿದ್ದರೆ ಮೊದಲು 112.