ಸೂಜಿ ಚುಚ್ಚಿದವರು ಹೆದರದೆ ಬಂದು ಹೇಳುವಂತಿರಲಿ

ಕೋಲಾರ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಚಿಂತಾಮಣಿಯ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಯ ಜೊತೆಗೆ ಸಿಬ್ಬಂದಿಯ ಸುರಕ್ಷತೆಯ ಹೊಣೆಯೂ ನಿನ್ನದಾಗಿದೆ ಎಂದು ನಿನ್ನ ಅಮ್ಮ ಹೇಳಿದಳು. ವಾರ್ಡುಗಳಲ್ಲಿ ಆಯುಷ್ಯ ಕಳೆದವಳಾಗಿ ಕೆಲವು ಮಾತು ಬರೆಯುತ್ತಿದ್ದೇನೆ.

ರಾತ್ರಿ ಪಾಳಿಯ ದಣಿವಿನಲ್ಲಿ ನರ್ಸ್ ಒಬ್ಬಳು ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದರೆ ಅವಳ ಬೆರಳಿಗೇ ಚುಚ್ಚುತ್ತದೆ. ಅದನ್ನು ಪ್ಲಾಸ್ಟಿಕ್ ತ್ಯಾಜ್ಯದ ಕೆಂಪು ಚೀಲಕ್ಕೆ ಎಸೆದರೆ, ಬೆಳಿಗ್ಗೆ ಆ ಚೀಲದ ಬಾಯಿ ಕಟ್ಟಿ ಎತ್ತುವ ಆಯಾಳ ತೊಡೆಗೆ ಸೀರೆಯ ಮೇಲಿಂದಲೇ ನಾಟುತ್ತದೆ. ಬಳಸಿದ ಸೂಜಿ ಹಾಕಲೆಂದೇ ಇರುವ, ಸೂಜಿ ತೂರದ ಬಿಳಿ ಡಬ್ಬ ನರ್ಸಿಂಗ್ ಸ್ಟೇಷನ್ನಿನ ಮೂಲೆಯಲ್ಲಿದ್ದರೆ ಸಾಲದು, ಇಂಜೆಕ್ಷನ್ ಟ್ರಾಲಿಯ ಮೇಲೆ ಕೈಗೆಟಕುವಂತಿರಬೇಕು. ಮುಕ್ಕಾಲು ತುಂಬುತ್ತಲೇ ಬದಲಾಗಬೇಕು.

ಚುಚ್ಚಿದ ಮೇಲೆ ಗಾಯವನ್ನು ಹಿಂಡದೆ, ಬಾಯಿಗಿಡದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಸಾಧ್ಯವಾದಷ್ಟು 2 ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಬೈಗುಳಕ್ಕೆ, ಸಂಬಳ ಕಡಿತಕ್ಕೆ ಅಂಜಿ ಮುಚ್ಚಿಟ್ಟವರ ಪಾಲಿಗೆ ಈ ಗಂಟೆಗಳು ಸುಮ್ಮನೆ ಕಳೆದುಹೋಗುತ್ತವೆ. ಆದ್ದರಿಂದ ಬಂದು ಹೇಳಿದವಳನ್ನು "ನೋಡಿಕೊಂಡು ಮಾಡಬಾರದಿತ್ತೇ" ಎಂದು ಗದರಬೇಡ. ಮೊದಲು ಚಿಕಿತ್ಸೆಗೆ ಕಳಿಸು, ಆಮೇಲೆ ಡಬ್ಬ ಎಲ್ಲಿತ್ತು, ಪಾಳಿಯಲ್ಲಿ ಎಷ್ಟು ಜನರಿದ್ದರು ಎಂದು ವಿಚಾರಿಸಿ ರಿಜಿಸ್ಟರಿನಲ್ಲಿ ಬರೆದಿಡು.

ರೋಗಿಗಳನ್ನು ಎತ್ತಿ ನರ್ಸುಗಳಿಗೆ ಬರುವ ಸೊಂಟನೋವನ್ನೂ, ರೋಗಿಯ ಕಡೆಯವರಿಂದ ಆಗುವ ಹಲ್ಲೆಯನ್ನೂ ಇದೇ ರಿಜಿಸ್ಟರಿಗೆ ಸೇರಿಸು; ಹಲ್ಲೆಯ ವಿರುದ್ಧ ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾಯ್ದೆಯಿದೆ.

ನನ್ನನ್ನು ಹೆಚ್ಚು ಕಾಡುವುದು ಗುತ್ತಿಗೆಯ ಕಸ ಎತ್ತುವವರ ವಿಷಯ. ಲಸಿಕೆ ಪಡೆಯದವರಿಗೆ ಸೋಂಕಿತ ಸೂಜಿಯಿಂದ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 30ರವರೆಗೂ ಇರುತ್ತದೆ. ಎಚ್‌ಐವಿಯದು ಸಾವಿರಕ್ಕೆ ಸುಮಾರು 3. ವೈದ್ಯಕೀಯ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು 2016ರ ವೈದ್ಯಕೀಯ ತ್ಯಾಜ್ಯ ನಿರ್ವಹಣೆಯ ನಿಯಮಗಳೇ ಹೇಳುತ್ತವೆ. ಆದರೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸಾದ ಮೇಲೆ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಬರುವುದರಿಂದ, ನಡುವೆ ಗುತ್ತಿಗೆದಾರ ಬದಲಾದರೆ ಲೆಕ್ಕ ತಪ್ಪಿಹೋಗುತ್ತದೆ. ಲಸಿಕೆಯ ಕಾರ್ಡನ್ನು ಗುತ್ತಿಗೆದಾರನ ಕಡತಕ್ಕೆ ಬಿಡದೆ ಆ ಹೆಂಗಸರ ಕೈಗೇ ಕೊಡು, ನಕಲೊಂದನ್ನು ನಿನ್ನ ಬಳಿ ಇಟ್ಟುಕೋ.

ಇಂತಿ ನಿನ್ನ ದೊಡ್ಡಮ್ಮ